ಸಮುದಾಯ ಭವನದಲ್ಲಿ ಪೂಜೆ, ನಮಾಜು, ಪ್ರಾರ್ಥನೆ: ಕೊಡಗಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಊರಿನ ಸಮುದಾಯ ಭವನ, ರಿಕ್ರಿಯೇಷನ್ ಕ್ಲಬ್ಬಿನ ಹಾಲ್, ಯುವಕ ಸಂಘದ ಕಟ್ಟಡ, ಆಟದ ಮೈದಾನದ ಪಕ್ಕದ ಶೆಡ್. ಇಂಥ ಜಾಗದಲ್ಲಿ ಒಂದು ಗುಂಪಿನ ಧಾರ್ಮಿಕ ಚಟುವಟಿಕೆ ಶುರುವಾದಾಗ ಗ್ರಾಮಸಭೆಯಲ್ಲಿ, ಪತ್ರಗಳಲ್ಲಿ, ಅಂಗಡಿ ಮುಂದಿನ ಮಾತಿನಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳು ಇಲ್ಲಿವೆ. ಓದುವಾಗ ಒಂದು ಕೆಲಸ ಮಾಡಿ. ಪ್ರತಿ ಉತ್ತರದಲ್ಲೂ ಭಜನೆ ಇದ್ದಲ್ಲಿ ನಮಾಜು, ನಮಾಜು ಇದ್ದಲ್ಲಿ ಭಾನುವಾರದ ಪ್ರಾರ್ಥನೆ ಎಂದು ಬದಲಿಸಿ ಓದಿ ನೋಡಿ. ಉತ್ತರ ಅದೇ ಇರಬೇಕು.

## ಮೊದಲ ಗೊಂದಲಗಳು

ಸಮುದಾಯ ಭವನ ಅಂದ್ರೆ ಎಲ್ಲರದ್ದು ತಾನೆ? ಅಲ್ಲಿ ಪೂಜೆ, ಪ್ರಾರ್ಥನೆ ಮಾಡೋದೇ ತಪ್ಪಾ?

ತಪ್ಪಲ್ಲ. ಮದುವೆಯೂ ಧಾರ್ಮಿಕ ಕಾರ್ಯವೇ. ತಿಥಿ, ನಾಮಕರಣ, ಇಫ್ತಾರ್ ಕೂಟ, ಕ್ರಿಸ್‌ಮಸ್ ಸಭೆ, ಗಣೇಶನ ಹಬ್ಬ ಎಲ್ಲವೂ ಇಂಥ ಭವನಗಳಲ್ಲೇ ನಡೆಯುತ್ತವೆ, ನಡೆಯಬೇಕು. ಬಾಡಿಗೆ ಕಟ್ಟಿ, ಕಾರ್ಯಕ್ರಮ ಮುಗಿಸಿ, ಗುಡಿಸಿ, ಕೀಲಿಕೈ ವಾಪಸ್ ಕೊಟ್ಟರೆ ಅದು ಭವನದ ಸಹಜ ಬಳಕೆ. ತಕರಾರಿಗೆ ಕಾರಣವಾಗುವುದು ಕೀಲಿಕೈ ವಾಪಸ್ ಬಾರದಿರುವುದು. ಹಾಲ್ ಬುಕ್ ಮಾಡುವುದೇ ಬೇರೆ, ಬೀಗ ಒಂದು ಗುಂಪಿನದಾಗುವುದೇ ಬೇರೆ. ಕೆಳಗಿನ ಬಹುಪಾಲು ಉತ್ತರಗಳು ಈ ಗೆರೆ ಎಲ್ಲಿದೆ ಎಂದು ಗುರುತಿಸುವುದಕ್ಕೇ ಸಂಬಂಧಪಟ್ಟವು.

ಯಾವ ಹಂತದಲ್ಲಿ ಅದನ್ನ 'ಬಳಕೆ ಬದಲಾವಣೆ' ಅಂತಾರೆ? ವಾರಕ್ಕೊಮ್ಮೆ ಆದ್ರೆ? ದಿನಾ ಆದ್ರೆ?

ವಾರಕ್ಕೆ ಇಷ್ಟು ಸಲ ಎಂಬ ಲೆಕ್ಕ ಕಾನೂನಿನಲ್ಲಿಲ್ಲ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ ಪ್ರಕಾರ 'ಅಭಿವೃದ್ಧಿ' ಅಂದರೆ ಹೊಸದಾಗಿ ಕಟ್ಟುವುದು ಮಾತ್ರವಲ್ಲ. ಕಟ್ಟಡದ ಅಥವಾ ಜಮೀನಿನ ಬಳಕೆಯಲ್ಲಿ ಗಣನೀಯ ಬದಲಾವಣೆ ಮಾಡುವುದೂ ಅದರಲ್ಲಿ ಸೇರುತ್ತದೆ. ಒಂದು ಇಟ್ಟಿಗೆ ಇಡದೆಯೂ ಅನುಮತಿ ಬೇಕಾಗಬಹುದು.

'ಗಣನೀಯ' ಎಂಬುದನ್ನು ಕಣ್ಣಿಗೆ ಕಾಣುವ ಗುರುತುಗಳಿಂದ ಅಳೆಯಬೇಕು. ಕಾರ್ಯಕ್ರಮ ಇಲ್ಲದ ದಿನ ಒಳಗೆ ಹೋಗಿ ನೋಡಿ. ವೇದಿಕೆ ಮೇಲೆ ಶಾಶ್ವತ ಪೀಠವೋ ಶಿಲುಬೆಯೋ ವಿಗ್ರಹವೋ ಇದೆಯೇ? ನೆಲಕ್ಕೆ ಸಾಲು ಗೆರೆ ಹಾಕಿದ ಹಾಸು ಅಂಟಿಸಿದ್ದಾರೆಯೇ? ಹೊರಗೆ ಕೈಕಾಲು ತೊಳೆಯುವ ನಲ್ಲಿ ಸಾಲು ಹೊಸದಾಗಿ ಬಂದಿದೆಯೇ? ಫಲಕದ ಹೆಸರು ಬದಲಾಗಿದೆಯೇ? ಶಟಲ್ ಆಡುವ ಹುಡುಗರ ನೆಟ್ ಕಂಬ, ಕೇರಂ ಬೋರ್ಡು ಎಲ್ಲಿಗೆ ಹೋದವು? ಬೇರೆಯವರು ಮದುವೆಗೆ ಕೇಳಿದರೆ ದಿನ ಸಿಗುತ್ತದೆಯೇ? ವಾರಕ್ಕೆ ಎರಡು ಗಂಟೆ ಭಜನೆ ನಡೆದು ಉಳಿದ ಸಮಯ ಹಾಲ್ ಎಲ್ಲರಿಗೂ ಸಿಗುತ್ತಿದ್ದರೆ ಅದನ್ನು ಬಳಕೆ ಬದಲಾವಣೆ ಎಂದು ಸಾಧಿಸುವುದು ಕಷ್ಟ. ತಿಂಗಳಿಗೆ ಒಂದೇ ಸಲ ಪ್ರಾರ್ಥನೆ, ಉಳಿದ ದಿನವೂ ಬೀಗ ಒಂದೇ ಗುಂಪಿನದು ಅಂತಾದರೆ ಸಾಧಿಸುವುದು ಸುಲಭ.

ಹಾಲ್ ಯಾರ ಹೆಸರಲ್ಲಿದೆ ಅನ್ನೋದೇ ಗೊತ್ತಿಲ್ಲ. ಎಲ್ಲಿಂದ ಶುರು ಮಾಡ್ಲಿ?

ಜಮೀನಿನಿಂದ. ಕಟ್ಟಡದ ಕತೆ ಆಮೇಲೆ. ಕೊಡಗಿನಲ್ಲಿ ಇದು ಬಯಲುಸೀಮೆಯಷ್ಟು ಸರಳವಲ್ಲ, ಅರ್ಧ ತಕರಾರುಗಳು ಇಲ್ಲೇ ಸಿಕ್ಕಿಕೊಳ್ಳುತ್ತವೆ.

ಸರ್ವೆ ನಂಬರ್ ಹಿಡಿದು ಪಹಣಿ ತೆಗೆಸಿ. ಜಮ್ಮಾ, ಅಂದರೆ ವಂಶಪಾರಂಪರ್ಯದ ಹಿಡುವಳಿ ಜಾಗವಾದರೆ ಪಟ್ಟೆದಾರರ ಹೆಸರಿನ ಜೊತೆ ಒಕ್ಕದ (ಮನೆತನದ) ಹಲವರ ಹೆಸರು ಇರುತ್ತದೆ. ಅಜ್ಜನ ಕಾಲದಲ್ಲಿ ಒಬ್ಬರು 'ಊರಿಗೆ ಬಿಟ್ಟುಕೊಟ್ಟಿದ್ದೇನೆ' ಎಂದು ಬಾಯಿಮಾತಿನಲ್ಲಿ ಹೇಳಿದ್ದರೆ ಅದು ದಾನಪತ್ರ ಆಗುವುದಿಲ್ಲ. ಬಾಣೆ ಎಂದಿದ್ದರೆ, ಮೂಲತಃ ಅದು ಗದ್ದೆಗೆ ಹೊಂದಿಕೊಂಡು ಮೇವು, ಸೌದೆ, ಸೊಪ್ಪಿಗಾಗಿ ಬಿಟ್ಟ ಜಾಗ, ಕಟ್ಟಡಕ್ಕೆ ಯಾವ ಆಧಾರ ಎಂದು ಕೇಳಲೇಬೇಕು. ಪೈಸಾರಿ ಎಂದಿದ್ದರೆ ಸರ್ಕಾರದ್ದು. ಆಗ ಮಂಜೂರಾತಿ ಆದೇಶ ಯಾರ ಹೆಸರಿಗೆ, ಯಾವ ಉದ್ದೇಶಕ್ಕೆ ಆಗಿದೆ ಎಂಬುದೇ ಮುಖ್ಯ. ಕೃಷಿ ಜಮೀನಾಗಿದ್ದರೆ ಭೂ ಕಂದಾಯ ಕಾಯ್ದೆ, 1964ರ ಕಲಂ 95ರಡಿ ಭೂ ಪರಿವರ್ತನೆ ಆದೇಶ ಇರಬೇಕು. ಅದರಲ್ಲಿ ಉದ್ದೇಶ ಬರೆದಿರುತ್ತದೆ.

ಆಮೇಲೆ ಕಟ್ಟಡ. ಪಂಚಾಯಿತಿ ವ್ಯಾಪ್ತಿಯಲ್ಲಿ ಆಸ್ತಿ ದಾಖಲೆಯಾದ ನಮೂನೆ 9 ಮತ್ತು 11, ಕಟ್ಟಡ ಪರವಾನಗಿ, ಮಂಜೂರಾದ ನಕ್ಷೆ, ಅನುದಾನದ ಆದೇಶ, ಹಸ್ತಾಂತರ ಪತ್ರ. ಸಿಗದಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಿ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಹೆಚ್ಚಿನವರು ಎಡವುವುದು ಇಲ್ಲಿ. 'ಭವನದ ಅಕ್ರಮದ ಬಗ್ಗೆ ಸಂಪೂರ್ಣ ಮಾಹಿತಿ ಕೊಡಿ' ಎಂದು ಬರೆದರೆ ಏನೂ ಬರುವುದಿಲ್ಲ. ಹೀಗೆ ಬರೆಯಿರಿ: 'ಸರ್ವೆ ನಂ. ಇಷ್ಟರಲ್ಲಿರುವ ಸಮುದಾಯ ಭವನದ ಕಟ್ಟಡ ಪರವಾನಗಿ, ಮಂಜೂರಾದ ನಕ್ಷೆ, ಅನುದಾನ ಮಂಜೂರಾತಿ ಆದೇಶ ಮತ್ತು ಕಳೆದ ಮೂರು ವರ್ಷದ ಬಾಡಿಗೆ ವಹಿಯ ದೃಢೀಕೃತ ನಕಲು ಕೊಡುವುದು.' 30 ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ.

ಮಂದ್ ಕೂಡ ಧಾರ್ಮಿಕ ಜಾಗ ಅಲ್ವಾ? ಅದಕ್ಕಿರೋ ನ್ಯಾಯ ಸಮುದಾಯ ಭವನಕ್ಕೆ ಯಾಕಿಲ್ಲ?

ಒಳ್ಳೆಯ ಪ್ರಶ್ನೆ. ಮಂದ್ ಅಂದರೆ ಸುಗ್ಗಿ ಹಬ್ಬ ಪುತ್ತರಿಯ ಕೋಲಾಟ ನಡೆಯುವ ಊರ ಬಯಲು. ಅಲ್ಲಿ ಆಟ, ಕೂಟ, ಆಚರಣೆ ಬೇರೆ ಬೇರೆ ಅಲ್ಲ. ಅದರ ಮೂಲ ಬಳಕೆಯೇ ಹಾಗೆ, ತಲೆಮಾರುಗಳಿಂದ ಹಾಗೆ. ಅಲ್ಲಿ ಆಚರಣೆ ಮುಂದುವರಿಯುವುದು ಬಳಕೆಯ ಬದಲಾವಣೆ ಅಲ್ಲ. ಅದನ್ನು ತಡೆದು ಮಂದ್‌ನಲ್ಲಿ ಅಂಗಡಿ ಮಳಿಗೆ ಕಟ್ಟಿದರೆ ಅದು ಬದಲಾವಣೆ. ದೇವರಕಾಡು ಇನ್ನೂ ಬೇರೆ, ಅದನ್ನು ಭವನದ ತಕರಾರಿಗೆ ಎಳೆದು ತರಬೇಡಿ. ಸಮುದಾಯ ಭವನ ಕಟ್ಟಿದ್ದು ಸಭೆ ಸಮಾರಂಭಕ್ಕೆ ಎಂದು ಕಾಗದದಲ್ಲಿದ್ದರೆ ಅದರ ಅಳತೆಗೋಲು ಆ ಕಾಗದ. ಮಂದ್‌ಗೆ ಅಳತೆಗೋಲು ರೂಢಿ. ಕೆಲವು ಮಂದ್‌ಗಳು ದಾಖಲೆಯಲ್ಲಿ ಬರೀ ಪೈಸಾರಿ ಎಂದೇ ಉಳಿದಿವೆ. ಊರಿನವರು ಸೇರಿ ಸರ್ವೆ ಮಾಡಿಸಿ, ಪಹಣಿಯಲ್ಲಿ 'ಮಂದ್' ಎಂದು ನಮೂದಿಸಲು ತಹಶೀಲ್ದಾರರಿಗೆ ಅರ್ಜಿ ಕೊಡುವುದು ತಕರಾರು ಹುಟ್ಟುವ ಮೊದಲೇ ಆಗಬೇಕಾದ ಕೆಲಸ.

## ಅನುಮತಿ ಮತ್ತು ಅಧಿಕಾರ

ಅನುಮತಿ ಕೊಡೋದು ಯಾರು? ಪಂಚಾಯ್ತಿ, ಪ್ರಾಧಿಕಾರ, ಡಿಸಿ ಆಫೀಸ್ ಅಂತ ಓಡಾಡಿಸ್ತಾ ಇದ್ದಾರೆ.

ಮೂವರೂ ಬೇರೆ ಬೇರೆ ಕಾಗದ ಕೊಡುವವರು, ಅದಕ್ಕೇ ಓಡಾಟ. ಜಮೀನಿನ ಉದ್ದೇಶ ಬದಲಿಸುವ ಭೂ ಪರಿವರ್ತನೆ ಜಿಲ್ಲಾಧಿಕಾರಿಗಳದ್ದು. ಮಹಾಯೋಜನೆ (ಮಾಸ್ಟರ್ ಪ್ಲಾನ್) ಇರುವ ಕಡೆ, ಉದಾಹರಣೆಗೆ ಮಡಿಕೇರಿ ನಗರಾಭಿವೃದ್ಧಿ ಪ್ರಾಧಿಕಾರದ ವ್ಯಾಪ್ತಿಯಲ್ಲಿ, ಭೂ ಬಳಕೆಯ ಒಪ್ಪಿಗೆ ಪ್ರಾಧಿಕಾರದ್ದು. ಕಟ್ಟಡ ಪರವಾನಗಿ ಸ್ಥಳೀಯ ಸಂಸ್ಥೆಯದು. ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿಗಳಲ್ಲಿ ಪುರಸಭೆಗಳ ಕಾಯ್ದೆ, 1964ರ ಕಲಂ 187, ಹಳ್ಳಿಗಳಲ್ಲಿ ಪಂಚಾಯತ್ ರಾಜ್ ಕಾಯ್ದೆ, 1993ರ ಕಲಂ 64.

ಒಂದು ಕಾಗದ ಇನ್ನೊಂದರ ಕೆಲಸ ಮಾಡುವುದಿಲ್ಲ. ಪಂಚಾಯಿತಿ ಸಭೆಯ ಠರಾವು ಭೂ ಪರಿವರ್ತನೆ ಅಲ್ಲ. ಪೊಲೀಸರು ಮೈಕಿಗೆ ಕೊಟ್ಟ ಅನುಮತಿ ಕಟ್ಟಡ ಬಳಕೆಯ ಅನುಮತಿ ಅಲ್ಲ. 'ನಮಗೆ ಪರ್ಮಿಷನ್ ಇದೆ' ಎಂದು ಯಾರೇ ಹೇಳಲಿ, ಯಾವ ಪರ್ಮಿಷನ್ ಎಂದು ಕೇಳಿ.

ವಾಸದ ವಲಯದಲ್ಲೂ ಪೂಜಾಸ್ಥಳಕ್ಕೆ ಅವಕಾಶ ಇದೆಯಂತೆ. ಹಾಗಾದ್ರೆ ಆಕ್ಷೇಪಣೆಗೆ ಅರ್ಥ ಏನು?

ರಾಜ್ಯದ ವಲಯ ನಿಯಮಾವಳಿಗಳಲ್ಲಿ ವಾಸದ ವಲಯದ ಪಟ್ಟಿಯಲ್ಲಿ ಸಾರ್ವಜನಿಕ ಪೂಜಾಸ್ಥಳ ಸಾಮಾನ್ಯವಾಗಿ ಇರುತ್ತದೆ, ನಿಜ. ಆದ್ದರಿಂದ 'ಮನೆಗಳ ನಡುವೆ ಪ್ರಾರ್ಥನಾ ಮಂದಿರ ಬರಲೇಬಾರದು' ಎಂಬ ವಾದ ಬಹಳ ಕಡೆ ಬಿದ್ದುಹೋಗುತ್ತದೆ. ಆದರೆ ನಿವೇಶನ ನಕ್ಷೆಯಲ್ಲಿ ಉದ್ಯಾನ, ಬಯಲು ಜಾಗ, ನಾಗರಿಕ ಸೌಲಭ್ಯ ಎಂದು ಗುರುತಾಗಿದ್ದರೆ ಕತೆಯೇ ಬೇರೆ. ಮಹಾಯೋಜನೆಯಲ್ಲಿರುವ ಬಳಕೆಯನ್ನು ಬದಲಿಸಲು 1961ರ ಯೋಜನಾ ಕಾಯ್ದೆಯ ಕಲಂ 14-ಎ ಪ್ರಕಾರ ಸರ್ಕಾರದ ಪೂರ್ವಾನುಮೋದನೆ ಬೇಕು, ಬದಲಾವಣೆ ಸಾರ್ವಜನಿಕ ಹಿತಕ್ಕಾಗಿ ಇರಬೇಕು, ಆ ಪ್ರದೇಶದಲ್ಲಿ ಓದುವ ದಿನಪತ್ರಿಕೆಯಲ್ಲಿ ಪ್ರಕಟಿಸಿ ಕನಿಷ್ಠ 15 ದಿನ ಆಕ್ಷೇಪಣೆಗೆ ಅವಕಾಶ ಕೊಡಬೇಕು. ಆ ಪ್ರಕಟಣೆ ಒಳಪುಟದ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬರುತ್ತದೆ. ತಕರಾರಿನ ವಾಸನೆ ಬಂದ ದಿನದಿಂದ ಸ್ಥಳೀಯ ಪತ್ರಿಕೆ ದಿನಾ ನೋಡುವ ಕೆಲಸ ಒಬ್ಬರಿಗೆ ವಹಿಸಿ.

ಸಂಸದರ ನಿಧಿಯಿಂದ ಕಟ್ಟಿದ ಭವನ. ಈಗ ಒಂದು ಗುಂಪಿಗೆ ಬಿಟ್ಟುಕೊಡಬಹುದಾ?

ಇಲ್ಲ. ಸಂಸದರ ಪ್ರದೇಶಾಭಿವೃದ್ಧಿ ನಿಧಿಯ ಮಾರ್ಗಸೂಚಿ ಪೂಜಾಸ್ಥಳಗಳ ಒಳಗಿನ ಕಾಮಗಾರಿಗೆ, ಧಾರ್ಮಿಕ ಗುಂಪಿನ ಜಮೀನಿನ ಮೇಲಿನ ಕಾಮಗಾರಿಗೆ ಅವಕಾಶ ಕೊಡುವುದಿಲ್ಲ. ಆಸ್ತಿ ಸಾರ್ವಜನಿಕ ಬಳಕೆಗೇ ಉಳಿಯಬೇಕು. ಬೇರೆ ಅನುದಾನವಾದರೆ ಆದೇಶದ ಷರತ್ತು ಓದಿ. ಗೋಡೆಯ ಕಲ್ಲಿನ ಫಲಕದಲ್ಲಿ ಯೋಜನೆಯ ಹೆಸರು, ವರ್ಷ ಇರುತ್ತದೆ. ಬಣ್ಣ ಬಳಿಯುವ ಮೊದಲು ಅದರ ಫೋಟೋ ತೆಗೆದಿಟ್ಟುಕೊಳ್ಳಿ.

ನಮ್ಮದು ರಿಜಿಸ್ಟರ್ ಆದ ಕ್ಲಬ್. ಕಮಿಟಿಯವರು ಸದಸ್ಯರನ್ನ ಕೇಳದೆ ಹಾಲನ್ನ ಒಂದು ಧಾರ್ಮಿಕ ಟ್ರಸ್ಟಿಗೆ ಕೊಟ್ಟುಬಿಟ್ಟಿದ್ದಾರೆ.

ಮೊದಲು ಬೈಲಾದಲ್ಲಿ ಉದ್ದೇಶಗಳ ಪುಟ ತೆಗೆಯಿರಿ. 'ಕ್ರೀಡೆ, ಮನರಂಜನೆ, ವಾಚನಾಲಯ' ಎಂದಷ್ಟೇ ಇದ್ದರೆ ಕಮಿಟಿಯ ಠರಾವು ಅದನ್ನು ದಾಟಲಾರದು. ಒಪ್ಪಂದದ ನಕಲು ಕೇಳಿ. ಬೇಕೆಂದಾಗ ಬಳಸುವ ಪರವಾನಗಿಯೇ, ಅಥವಾ ಸ್ವಾಧೀನ ಪೂರ್ತಿ ಬಿಟ್ಟುಕೊಟ್ಟ ಗೇಣಿಯೇ? ಒಂದು ವರ್ಷ ಮೀರಿದ ಗೇಣಿಗೆ ನೋಂದಣಿ ಕಡ್ಡಾಯ. ಸಾಮಾನ್ಯ ಸಭೆ ಕರೆಯಲು ಲಿಖಿತ ಬೇಡಿಕೆ ಕೊಡಿ. ಸಂಘಗಳ ನೋಂದಣಿ ಕಾಯ್ದೆ, 1960ರ ಕಲಂ 25ರಡಿ ಮೂರನೇ ಒಂದು ಭಾಗ ಸದಸ್ಯರು ಅರ್ಜಿ ಹಾಕಿದರೆ ನೋಂದಣಾಧಿಕಾರಿ ವಿಚಾರಣೆ ನಡೆಸಲೇಬೇಕು. ಚಂದಾ ಬಾಕಿ ಇರುವವರ ಸಹಿ ಲೆಕ್ಕಕ್ಕೆ ಬಾರದೆ ಅರ್ಜಿ ಬಿದ್ದುಹೋಗಬಹುದು, ಬಾಕಿ ಮೊದಲು ಕಟ್ಟಿಸಿ.

## ಆಕ್ಷೇಪಣೆ, ಅರ್ಜಿ, ಅಳತೆ

ಆಕ್ಷೇಪಣೆ ಹೇಗೆ ಬರೀಬೇಕು? ಇನ್ನೂರು ಜನರ ಸಹಿ ಹಾಕಿಸಿದ್ರೆ ಸಾಕಾ?

ಒಂದೇ ಒಕ್ಕಣೆಗೆ ಇನ್ನೂರು ಸಹಿ ಅಧಿಕಾರಿಯ ಕಣ್ಣಿಗೆ ಒಂದೇ ಆಕ್ಷೇಪಣೆ. ಅಕ್ಕಪಕ್ಕದ ಐದು ಮನೆಯವರು ತಮ್ಮ ತಮ್ಮ ತೊಂದರೆಯನ್ನು ಬೇರೆ ಬೇರೆ ಬರೆದರೆ ಅದರ ತೂಕ ಹೆಚ್ಚು.

ಬರೆಯಬೇಕಾದ್ದು ಅಳೆಯಬಹುದಾದ ಸಂಗತಿ. ಆರು ವಾರ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ: ದಿನಾಂಕ, ಶುರುವಾದ ಸಮಯ, ಮುಗಿದ ಸಮಯ, ಅಂದಾಜು ಜನ, ರಸ್ತೆ ಬದಿ ನಿಂತ ಕಾರು, ಜೀಪು, ಬೈಕ್ ಎಷ್ಟು, ಮೈಕ್ ಹೊರಗಿತ್ತೋ ಒಳಗಿತ್ತೋ, ಶಾಲಾ ವ್ಯಾನ್ ಅಥವಾ ಆಂಬುಲೆನ್ಸ್ ಸಿಕ್ಕಿಕೊಂಡಿತೋ ಇಲ್ಲವೋ. ರಸ್ತೆಯ ಅಗಲ ಟೇಪ್ ಹಿಡಿದು ಅಳೆಯಿರಿ. ಹನ್ನೆರಡು ಅಡಿ ಡಾಂಬರು ರಸ್ತೆಯ ಒಂದು ಬದಿ ಕಾರು ನಿಂತರೆ ಉಳಿಯುವುದು ಆರು ಅಡಿ ಚಿಲ್ಲರೆ, ಒಂದು ಪಿಕಪ್ ದಾಟುವುದೂ ಕಷ್ಟ. ತೊಂದರೆ ಆಗದ ದಿನವನ್ನೂ ಬರೆದಿಡಿ. ಆಗ ಪುಸ್ತಕಕ್ಕೆ ನಂಬಿಕೆ ಬರುತ್ತದೆ.

'ಆ ಜನ ಬಂದರೆ ಊರಿನ ಶಾಂತಿ ಕೆಡುತ್ತದೆ', 'ನಮ್ಮ ಸಂಸ್ಕೃತಿಗೆ ಧಕ್ಕೆ' ಇಂಥ ಮಾತು ಬರೆಯಬೇಡಿ. ಅದು ಯೋಜನಾ ಕಾರಣವೇ ಅಲ್ಲ, ಜೊತೆಗೆ ನಿಮ್ಮ ನಿಜವಾದ ಪಾರ್ಕಿಂಗ್ ತೊಂದರೆಯನ್ನೂ ಅದು ಮುಳುಗಿಸುತ್ತದೆ. ಎದುರಿಗಿರುವವರೂ ಇದೇ ಊರಿನವರು, ನಾಳೆ ಸಾವಿಗೋ ಮದುವೆಗೋ ಅದೇ ಹಾಲಿನಲ್ಲಿ ಮುಖಾಮುಖಿ ಆಗುವವರು. ಅವರು ಓದಿದರೂ ತಲೆ ತಗ್ಗಿಸಬೇಕಾಗದಂತೆ ಬರೆಯಿರಿ. ಕೊನೆಯಲ್ಲಿ ಏನು ಬೇಕು ಎಂದು ಸ್ಪಷ್ಟವಾಗಿ ಹೇಳಿ: ಸಮಯದ ಮಿತಿಯೇ, ವಾಹನ ನಿಲ್ಲಿಸಲು ಬೇರೆ ಜಾಗವೇ, ಅನುಮತಿ ನಿರಾಕರಣೆಯೇ. ಕಚೇರಿಯಲ್ಲಿ ಮೊಹರು ಹಾಕಿದ ಸ್ವೀಕೃತಿ ಪಡೆಯದೆ ಮನೆಗೆ ಬರಬೇಡಿ.

ನಾವು ಅರ್ಜಿ ಹಾಕಿದವರು. 'ಸ್ಥಳೀಯರ ವಿರೋಧ ಇದೆ' ಅಂತ ಒಂದೇ ಸಾಲಲ್ಲಿ ಹಾಲ್ ಕೊಡಲ್ಲ ಅಂದ್ರು. ನಮಗೇನು ದಾರಿ?

ಸರ್ಕಾರದ ಹಣದಲ್ಲಿ ಪೂರ್ತಿಯಾಗಲಿ ಭಾಗಶಃ ಆಗಲಿ ನಡೆಯುವ, ಅಥವಾ ಸಾರ್ವಜನಿಕರಿಗೆಂದೇ ಮೀಸಲಾದ ಜಾಗಗಳ ಬಳಕೆಯಲ್ಲಿ ಧರ್ಮ, ಜಾತಿ, ಲಿಂಗ, ಹುಟ್ಟೂರಿನ ಕಾರಣಕ್ಕೆ ಯಾವ ನಾಗರಿಕರನ್ನೂ ತಡೆಯುವಂತಿಲ್ಲ ಎಂದು ಸಂವಿಧಾನದ 15(2)ನೇ ವಿಧಿ ಹೇಳುತ್ತದೆ. ಬೇರೆಯವರ ಭಜನೆಗೆ, ಸತ್ಸಂಗಕ್ಕೆ ಕೊಟ್ಟ ಹಾಲನ್ನು ನಿಮಗೆ ಮಾತ್ರ ಕೊಡುವುದಿಲ್ಲ ಎಂದರೆ ಅದಕ್ಕೆ ಸಮರ್ಥನೆ ಇಲ್ಲ. ಎಲ್ಲರಿಗೂ ಅದೇ ನಿಯಮ ಎಂದಾದರೆ ಇದೆ.

ಕಾರಣ ಸಹಿತ ಲಿಖಿತ ಆದೇಶ ಕೇಳಿ. ಬಾಡಿಗೆ ವಹಿಯ ನಕಲು ತೆಗೆಸಿ, ಇತರ ಧಾರ್ಮಿಕ ಕಾರ್ಯಕ್ರಮಗಳಿಗೆ ಕೊಟ್ಟ ದಿನಾಂಕಗಳಿಗೆ ಗುರುತು ಹಾಕಿ. ಹೊಸ ಅರ್ಜಿಯಲ್ಲಿ ವಾರದ ದಿನ, ಗಂಟೆ, ಗರಿಷ್ಠ ಜನ, ವಾಹನ ನಿಲುಗಡೆ, ಹೊರಗೆ ಮೈಕ್ ಇಲ್ಲ, ಶಾಶ್ವತ ವಸ್ತು ಇಡುವುದಿಲ್ಲ ಎಂದು ನೀವೇ ಬರೆದುಕೊಡಿ. ಸಲ್ಲಿಸುವ ಮೊದಲು ಪಕ್ಕದ ಮನೆಗಳಿಗೆ ಹೋಗಿ ಮಾತಾಡಿ ಬನ್ನಿ. ಅರ್ಧ ವಿರೋಧ ಹುಟ್ಟುವುದು ಸುದ್ದಿ ಮೂರನೆಯವರಿಂದ ತಿಳಿದಾಗ.

ಮೈಕ್ ವಿಚಾರದಲ್ಲಿ ನಿಯಮ ಏನು?

ಶಬ್ದ ಮಾಲಿನ್ಯ ನಿಯಮಗಳು, 2000ರ ಪ್ರಕಾರ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ನಿಷೇಧ. ಮುಚ್ಚಿದ ಸಭಾಂಗಣ, ಸಮುದಾಯ ಭವನದ ಒಳಗೆ, ಒಳಗಿನವರಿಗೆ ಕೇಳುವಷ್ಟಕ್ಕೆ ಮಾತ್ರ ವಿನಾಯಿತಿ. ಮುಂದೆ ಹಾಕಿದ ಶಾಮಿಯಾನ 'ಮುಚ್ಚಿದ ಸ್ಥಳ' ಅಲ್ಲ. ಹಬ್ಬದ ದಿನ ರಾತ್ರಿ 12ರವರೆಗೆ ಸರ್ಕಾರ ಸಡಿಲಿಸಬಹುದು, ವರ್ಷಕ್ಕೆ ಒಟ್ಟು 15 ದಿನ ಮೀರುವಂತಿಲ್ಲ. ವಾಸದ ಪ್ರದೇಶದ ಮಾನದಂಡ ಹಗಲು 55, ರಾತ್ರಿ 45 ಡೆಸಿಬಲ್. ಸಾರ್ವಜನಿಕ ಸ್ಥಳದ ಗಡಿಯಲ್ಲಿ ಅದಕ್ಕಿಂತ 10 ಹೆಚ್ಚು ಅಥವಾ 75, ಯಾವುದು ಕಡಿಮೆಯೋ ಅದು ಮಿತಿ. ಆಸ್ಪತ್ರೆ, ಶಾಲೆ, ನ್ಯಾಯಾಲಯದ ಸುತ್ತ 100 ಮೀಟರ್ ಜಾಗವನ್ನು ಸರ್ಕಾರ ನಿಶ್ಶಬ್ದ ವಲಯ ಎಂದು ಘೋಷಿಸಬಹುದು. ಧ್ವನಿವರ್ಧಕ ಹಾಕಿ ಇತರರ ನೆಮ್ಮದಿ ಕೆಡಿಸಿ ಪ್ರಾರ್ಥಿಸಿ ಎಂದು ಯಾವ ಧರ್ಮವೂ ಹೇಳುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2000ದಲ್ಲಿ ಹೇಳಿದ್ದು ಒಂದು ಚರ್ಚಿನ ಪ್ರಕರಣದಲ್ಲಾದರೂ ಅನ್ವಯ ಎಲ್ಲರಿಗೂ.

ಕೊಡಗಿನಲ್ಲಿ ಇನ್ನೊಂದು ತೊಡಕಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೀಟಿನ ಮಾಡಿನ ಮೇಲೆ ಮಳೆ ಬೀಳುವ ಸದ್ದಿಗೆ ಒಳಗೆ ಕೂತವರಿಗೇ ಮಾತು ಕೇಳಿಸುವುದಿಲ್ಲ. ಮೈಕ್ ಏರಿಸುತ್ತಾರೆ. ಮಳೆ ನಿಂತರೂ ಇಳಿಸುವುದಿಲ್ಲ, ಸದ್ದು ಕಣಿವೆ ದಾಟಿ ಎದುರು ಗುಡ್ಡದ ಮನೆಗೆ ಹೋಗುತ್ತದೆ. ಶೀಟಿನ ಕೆಳಗೆ ಒಂದು ಒಳಮಾಡು ಹಾಕಿಸಿ, ಒಂದು ದೊಡ್ಡ ಹಾರ್ನ್ ಬದಲು ನಾಲ್ಕು ಸಣ್ಣ ಸ್ಪೀಕರ್‌ಗಳನ್ನು ಜನರ ಕಿವಿ ಮಟ್ಟಕ್ಕೆ ಇಟ್ಟರೆ ಬಹಳಷ್ಟು ಜಗಳ ಅಲ್ಲಿಗೇ ನಿಲ್ಲುತ್ತದೆ.

ಹಾಲ್‌ನಲ್ಲಿ ಎಷ್ಟು ಜನ ಕೂರಬಹುದು ಅನ್ನೋದಕ್ಕೆ ಲೆಕ್ಕ ಇದೆಯಾ?

ಇದೆ. ರಾಷ್ಟ್ರೀಯ ಕಟ್ಟಡ ಸಂಹಿತೆ 2016ರಲ್ಲಿ ಸಭಾಭವನ, ಕ್ಲಬ್, ಪೂಜಾಸ್ಥಳ ಎಲ್ಲವೂ 'ಜನ ಸೇರುವ ಕಟ್ಟಡ' ಎಂಬ ಒಂದೇ ಗುಂಪು. ಸ್ಥಿರ ಕುರ್ಚಿ ಇಲ್ಲದೆ ಒತ್ತಾಗಿ ಸೇರುವುದಾದರೆ ಒಬ್ಬರಿಗೆ 0.65 ಚದರ ಮೀಟರ್, ಬಿಡುವಾಗಿ ಬಳಸಿದರೆ 1.4. 60×40 ಅಡಿಯ ಹಾಲ್ ಅಂದರೆ ಸುಮಾರು 223 ಚದರ ಮೀಟರ್. ಶಟಲ್, ಕೇರಂ ಕಾಲದಲ್ಲಿ ಅದು 159 ಜನರ ಹಾಲ್, ನೆಲದ ಮೇಲೆ ಸಾಲಾಗಿ ಕೂತರೆ 343 ಜನರದ್ದು. ಕಟ್ಟಡ ಅದೇ, ಹೊರೆ ದುಪ್ಪಟ್ಟು. ಬಾಗಿಲು ಹೊರಕ್ಕೆ ತೆರೆಯಬೇಕು, ಎರಡನೇ ಬಾಗಿಲಿನ ಮುಂದೆ ಪ್ಲಾಸ್ಟಿಕ್ ಕುರ್ಚಿ ಪೇರಿಸಿರಬಾರದು. 160 ಜನ ಕಾರಿಗೆ ನಾಲ್ವರಂತೆ ಬಂದರೂ 40 ಕಾರು. ತಿರುಗಿಸುವ ಜಾಗ ಸೇರಿ ಕಾರಿಗೆ 25 ಚದರ ಮೀಟರ್ ಎಂದರೆ 1,000 ಚದರ ಮೀಟರ್, ಹೆಚ್ಚುಕಡಿಮೆ 25 ಸೆಂಟ್ ಜಾಗ.

ಎಲ್ಲರಿಗೂ ಒಪ್ಪುವ ಬುಕಿಂಗ್ ನಿಯಮ ಬರೆಯೋದು ಹೇಗೆ?

ಧರ್ಮದ ಹೆಸರು ಎತ್ತದೆ, ಗಂಟೆ ಮತ್ತು ವಸ್ತುಗಳ ಭಾಷೆಯಲ್ಲಿ ಬರೆಯಿರಿ. ಕೆಲಸಕ್ಕೆ ಬರುವ ಒಕ್ಕಣೆ ಹೀಗಿರುತ್ತದೆ: 'ಯಾವುದೇ ಒಂದು ಸಂಸ್ಥೆ ವಾರದಲ್ಲಿ ನಾಲ್ಕು ಗಂಟೆಗಿಂತ ಹೆಚ್ಚು, ಒಮ್ಮೆಗೆ ಮೂರು ತಿಂಗಳಿಗಿಂತ ಮುಂದಕ್ಕೆ ಕಾಯ್ದಿರಿಸುವಂತಿಲ್ಲ. ಕಾರ್ಯಕ್ರಮ ಮುಗಿದ ಒಂದು ಗಂಟೆಯೊಳಗೆ ತಂದ ವಸ್ತುಗಳನ್ನೆಲ್ಲ ತೆರವು ಮಾಡಬೇಕು. ಗೋಡೆ, ನೆಲ, ವೇದಿಕೆಗೆ ಏನನ್ನೂ ಅಂಟಿಸುವ, ಕೊರೆಯುವ ಹಾಗಿಲ್ಲ. ಸಾವು ಅಥವಾ ವಿಪತ್ತಿನ ಸಂದರ್ಭದಲ್ಲಿ ಕಾಯ್ದಿರಿಸಿದ ದಿನ ರದ್ದಾಗುತ್ತದೆ, ಹಣ ಪೂರ್ತಿ ವಾಪಸ್.' ಗಂಟೆಗಳ ಸಂಖ್ಯೆ ನಿಮ್ಮ ಊರಿಗೆ ತಕ್ಕಂತೆ ಇರಲಿ. ಈ ನಿಯಮ ಗ್ರಾಮಸಭೆಯಲ್ಲಿ ಓದಿ, ನಡಾವಳಿಯಲ್ಲಿ ಬರೆದು, ಬಾಗಿಲಲ್ಲೇ ಅಂಟಿಸಿ.

## ಕಗ್ಗಂಟುಗಳು

ಇಪ್ಪತ್ತು ವರ್ಷದಿಂದ ನಡೀತಾ ಇದೆ, ಈಗ ಹಕ್ಕು ಬಂದಂಗೆ ಅಲ್ವಾ?

ಬಂದಿಲ್ಲ. ಒಪ್ಪಿಗೆ ಪಡೆದು ಬಳಸಿದ್ದು ಎಷ್ಟು ವರ್ಷವಾದರೂ ಪರವಾನಗಿಯೇ. ಇದನ್ನು ಹೇಳುವ ಅನುಭೋಗ ಹಕ್ಕುಗಳ ಕಾಯ್ದೆ 1882ರಲ್ಲಿ ಜಾರಿಯಾದಾಗ ಅದು ಅನ್ವಯವಾದ ಕೆಲವೇ ಪ್ರಾಂತ್ಯಗಳಲ್ಲಿ ಕೊಡಗೂ ಒಂದು. ಇನ್ನು ಸರ್ಕಾರಿ ಜಾಗದ ಮೇಲೆ ಸ್ವಾಧೀನದ ವಾದಕ್ಕೆ 30 ವರ್ಷ ಬೇಕು, ಅದೂ ಒಪ್ಪಿಗೆ ಇಲ್ಲದೆ, ಬಹಿರಂಗವಾಗಿ, ಎಡೆಬಿಡದೆ ನಡೆದಿರಬೇಕು.

ಭವನದ ಪಕ್ಕದ ಬಯಲಲ್ಲಿ ರಾತ್ರೋರಾತ್ರಿ ಒಂದು ಕಟ್ಟೆ ಎದ್ದಿದೆ. ಕೆಡವಬಹುದಾ?

ನೀವು ಮುಟ್ಟಬೇಡಿ, ಯಾರೂ ಮುಟ್ಟದಂತೆ ನೋಡಿಕೊಳ್ಳಿ. ಪೂಜಾಸ್ಥಳಕ್ಕೆ ಹಾನಿ ಮಾಡುವುದು ಭಾರತೀಯ ನ್ಯಾಯ ಸಂಹಿತೆಯ ಕಲಂ 298ರ ಅಪರಾಧ. ಅದೇ ದಿನ ಫೋಟೋ ಸಹಿತ ತಹಶೀಲ್ದಾರ್ ಮತ್ತು ಸ್ಥಳೀಯ ಸಂಸ್ಥೆಗೆ ಲಿಖಿತ ದೂರು ಕೊಡಿ. ಸಾರ್ವಜನಿಕ ರಸ್ತೆ, ಉದ್ಯಾನ, ಸ್ಥಳಗಳಲ್ಲಿ ಹೊಸ ಅನಧಿಕೃತ ಧಾರ್ಮಿಕ ಕಟ್ಟಡಕ್ಕೆ ಅವಕಾಶ ಕೊಡಬಾರದು ಎಂದು ಸುಪ್ರೀಂ ಕೋರ್ಟ್ 2009ರ ಸೆಪ್ಟೆಂಬರ್ 29ರಂದು ಆದೇಶಿಸಿದೆ. ನಂಜನಗೂಡು ತಾಲ್ಲೂಕಿನಲ್ಲಿ ದೇವಸ್ಥಾನ ತೆರವಾದ ಮೇಲೆ ರಾಜ್ಯ ತಂದ 2021ರ ಧಾರ್ಮಿಕ ಕಟ್ಟಡಗಳ ಸಂರಕ್ಷಣಾ ಕಾಯ್ದೆ ಅದು ಜಾರಿಗೆ ಬರುವ ಮೊದಲೇ ಇದ್ದ ಕಟ್ಟಡಗಳಿಗೆ ರಕ್ಷಣೆ ಕೊಡುತ್ತದೆ, ನಿನ್ನೆ ರಾತ್ರಿ ಎದ್ದ ಕಟ್ಟೆಗೆ ಅಲ್ಲ. ಹಾಗಾಗಿ ಕಟ್ಟಿದ ದಿನಾಂಕವೇ ಎಲ್ಲ. ಹಳೆಯ ಫೋಟೋ, ಪಂಚಾಯಿತಿ ಕಾಮಗಾರಿಯ ಚಿತ್ರ, ಉಪಗ್ರಹ ಚಿತ್ರ ಸಂಗ್ರಹಿಸಿ.

ಕೋರ್ಟಿಗೆ ಹೋದ್ರೆ ಬೇಗ ಮುಗಿಯುತ್ತಾ?

ಬೇಗ ಮುಗಿಯುವುದಿಲ್ಲ. ಸಾರ್ವಜನಿಕ ತೊಂದರೆ ಎಂದು ದಾವೆ ಹೂಡಲು ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 91ರಡಿ ಇಬ್ಬರು ಅಥವಾ ಹೆಚ್ಚು ಜನ ನ್ಯಾಯಾಲಯದ ಅನುಮತಿ ಪಡೆಯಬೇಕು. ಸರ್ಕಾರ ಪ್ರತಿವಾದಿಯಾದರೆ ಕಲಂ 80ರ ಎರಡು ತಿಂಗಳ ನೋಟಿಸ್. ಅಧಿಕಾರಿಯ ಆದೇಶದ ವಿರುದ್ಧ ರಿಟ್ ಆದರೆ ಬೆಂಗಳೂರಿನ ಹೈಕೋರ್ಟ್. ಅಲ್ಲಿ ಮೊದಲು ಕೇಳುವುದು 'ಕೆಳಗಿನ ಅಧಿಕಾರಿಗೆ ಮನವಿ ಕೊಟ್ಟಿದ್ದೀರಾ, ಸ್ವೀಕೃತಿ ಎಲ್ಲಿ' ಎಂದೇ. ತಹಶೀಲ್ದಾರರ ಸಮ್ಮುಖದಲ್ಲಿ ಕೂತು ಗಂಟೆ, ಜನ, ವಾಹನ, ಮೈಕ್ ಈ ನಾಲ್ಕರ ಮೇಲೆ ಸಹಿ ಹಾಕಿದ ಒಪ್ಪಂದ ಬಹಳ ಸಲ ತೀರ್ಪಿಗಿಂತ ಹೆಚ್ಚು ಬಾಳಿಕೆ ಬರುತ್ತದೆ.

ಮಳೆಗಾಲದಲ್ಲಿ ಭವನ ಪರಿಹಾರ ಕೇಂದ್ರ ಆಗಬೇಕಾದ್ರೆ, ಒಳಗೆ ದೇವರ ಸಾಮಾನು ಇದ್ರೆ?

2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಜನ ಉಟ್ಟ ಬಟ್ಟೆಯಲ್ಲಿ ಬಂದು ಸೇರಿದ್ದು ಇಂಥ ಭವನಗಳಿಗೇ. ಆದ್ದರಿಂದ ಯಾರ ಜೊತೆ ಯಾವ ಒಪ್ಪಂದ ಇದ್ದರೂ ಕೀಲಿಕೈ ಎರಡು ಇರಲಿ. ಒಂದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಬಳಿ, ಇನ್ನೊಂದು ಭವನಕ್ಕೆ ಹತ್ತಿರದ, ರಾತ್ರಿ ಎಬ್ಬಿಸಿದರೂ ಬರುವ ಮನೆಯಲ್ಲಿ. ಆ ಮನೆಯ ಫೋನ್ ನಂಬರ್ ಬಾಗಿಲ ಮೇಲೆ ಬಣ್ಣದಲ್ಲೇ ಬರೆಸಿ. ಪೂಜೆ, ಪ್ರಾರ್ಥನೆಯ ಸಾಮಾನಿಗೆ ಒಂದು ಬೀಗದ ಕಬ್ಬಿಣದ ಬೀರು ಕೊಡಿ, ಇಬ್ಬರು ಎತ್ತಿ ಪಕ್ಕಕ್ಕಿಡುವಷ್ಟು ಗಾತ್ರದ್ದು. ಅದನ್ನು ಎತ್ತುವವರು ಯಾರು ಎಂದು ಆ ಗುಂಪಿನವರಿಂದಲೇ ಇಬ್ಬರ ಹೆಸರು ಮೇ ತಿಂಗಳೊಳಗೆ ಬರೆಸಿಕೊಳ್ಳಿ. ಶೌಚಾಲಯ, ನೀರಿನ ಟ್ಯಾಂಕ್, ಅಡುಗೆ ಮನೆಗೆ ಹೋಗುವ ದಾರಿ ಯಾವತ್ತೂ ತೆರವಾಗಿರಬೇಕು.